ಕಲ್ಲು ನೆಡದ ಸಾವುಗಳು

ಶಾಸನಗಳನ್ನು ಪಾಠ ಹೇಳುವ ಅಧ್ಯಾಪಕನಿಗೆ ಸಾವು ಅಭ್ಯಾಸವಾಗಿಬಿಡುತ್ತದೆ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು ಎಂದು ಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಎರಡೆರಡು ನಿದರ್ಶನ ಕೊಟ್ಟು, ಪರೀಕ್ಷೆಗೆ ಬರಬಹುದಾದ ಅಂಶಗಳ ಕೆಳಗೆ ಗೆರೆ ಎಳೆಸಿ, ಗಂಟೆ ಹೊಡೆದೊಡನೆ ಕೈಗೆ ಹತ್ತಿದ ಸುಣ್ಣವನ್ನು ಕೊಡವಿಕೊಂಡು ಹೊರಬರುತ್ತೇವೆ. ಹದಿನೈದು ವರ್ಷ ನಾನೂ ಹಾಗೆಯೇ ನಡೆಸಿಕೊಂಡು ಬಂದವನು. ಹೋದ ವರ್ಷ ಬೆಳತೂರಿನ ಶಾಸನವನ್ನು ಓದಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಸುಮ್ಮನೆ ಮನಸ್ಸು ನೊಂದು ಸತ್ತವರಿಗೆ ಕಲ್ಲು ಹಾಕಿಸುತ್ತಿರಲಿಲ್ಲವೇ?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ತುಸು ನಕ್ಕೆನೆಂದು ಕಾಣುತ್ತದೆ. ಆ ನಗೆ ಆಮೇಲೆ ನನ್ನನ್ನು ಬಹಳ ದಿನ ಕಾಡಿತು.

ಹುಡುಗನ ಪ್ರಶ್ನೆಗೆ ಉತ್ತರ ಸುಲಭ: ಇಲ್ಲ, ಹಾಕಿಸುತ್ತಿರಲಿಲ್ಲ. ಆದರೆ ತಾವಾಗಿ ಪ್ರಾಣ ಬಿಟ್ಟವರ ಹೆಸರನ್ನು ಕಲ್ಲಿನಲ್ಲಿ ಕೊರೆಸುವುದಕ್ಕೆ ಕನ್ನಡನಾಡು ಎಂದೂ ಹಿಂಜರಿದದ್ದಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರು ಬಂಡೆಯ ಮೇಲೆ ಸಾಲುಸಾಲಾಗಿರುವ ಬರಹಗಳನ್ನು ಕಂಡಿರಬೇಕು. ಏಳನೆಯ ಶತಮಾನದ ಆಸುಪಾಸಿನಿಂದ ಮೊದಲಾಗುವ ಆ ಬರಹಗಳಲ್ಲಿ ಬಹುಪಾಲು ಸಲ್ಲೇಖನದಿಂದ ದೇಹ ಬಿಟ್ಟ ಮುನಿಗಳ, ಕಂತಿಯರ ನೆನಪಿನವು. ಸಲ್ಲೇಖನವನ್ನು ಜೈನರು ಆತ್ಮಹತ್ಯೆಯೆಂದು ಎಣಿಸುವುದಿಲ್ಲ. ಗುರುವಿನ ಒಪ್ಪಿಗೆ ಪಡೆದು, ರಾಗದ್ವೇಷಗಳನ್ನು ತೊರೆದು ನಡೆಸುವ ವ್ರತ ಅದು. 2015ರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಅದನ್ನು ಅಪರಾಧವೆಂದಾಗ ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಆ ವಿವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಆ ಸಾವಿಗೆ ಹೆಸರಿತ್ತು, ಕಲ್ಲಿತ್ತು, ಕವಿತೆಯೂ ಇತ್ತು ಎಂಬುದಷ್ಟೇ ನನಗೆ ಬೇಕಾದ ಅಂಶ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವುಂಟು. ಇಮ್ಮಡಿ ಬಲ್ಲಾಳನಿಗೆ ಗರುಡನಾಗಿದ್ದ ಕುವರ ಲಕ್ಷ್ಮ, ಅರಸನ ಸಾವಿನೊಡನೆ ತಾನೂ ಹೆಂಡತಿ ಸುಗ್ಗಲದೇವಿಯೂ ಪರಿವಾರವೂ ಪ್ರಾಣ ನೀಗಿದ ಸಂಗತಿಯನ್ನು ಅದು ಹೇಳುತ್ತದೆ. ಪ್ರವಾಸಿಗಳು ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಇನ್ನು ಮಾಸ್ತಿಕಲ್ಲುಗಳಂತೂ ಊರೂರಿನಲ್ಲಿಯೂ ಇವೆ. ಒಡೆಯನಿಗಾಗಿ, ಗಂಡನಿಗಾಗಿ, ಧರ್ಮಕ್ಕಾಗಿ ಸತ್ತರೆ ಆ ಸಾವು ಬದುಕಿದ್ದವರ ಉಪಯೋಗಕ್ಕೆ ಬರುತ್ತಿತ್ತು. ಆದ್ದರಿಂದ ಕಲ್ಲು ನಿಂತಿತು. ಮಾತು ಕಟುವಾಯಿತೆಂದು ಸಹೃದಯರು ಬೇಸರಿಸಬಾರದು. ಬದುಕಿದರೆ ವಿಧವೆಯಾಗಿ ಬಾಳಬೇಕಾದವಳ ಆಯ್ಕೆಯನ್ನು ಆಯ್ಕೆಯೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಬೆಳತೂರಿನ ಶಾಸನ ಈ ಗುಂಪಿನದೇ ಆದರೂ ಒಂದು ಕಾರಣದಿಂದ ಬೇರೆಯಾಗಿ ನಿಲ್ಲುತ್ತದೆ. ಕಾಲ 1057, ಹೆಗ್ಗಡದೇವನಕೋಟೆಯ ಸೀಮೆ, ಚೋಳರ ಆಳ್ವಿಕೆ. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಆಕೆಯ ಗಂಡ ಏಚ ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದ ತಪ್ಪಿಗೆ ತಲಕಾಡಿನಲ್ಲಿ ಕೊಲ್ಲಿಸಲ್ಪಟ್ಟ. ಸುದ್ದಿ ಕೇಳಿ ಆಕೆ ಬೆಂಕಿಗೆ ಹೊರಟಾಗ ತಂದೆತಾಯಿಗಳೂ ಬಂಧುಗಳೂ ತಡೆದರು, ಬೇಡವೆಂದರು, ಆಕೆ ಕೇಳಲಿಲ್ಲ. ಬರೆಯಿಸಿದವರ ಉದ್ದೇಶ ಆಕೆಯ ದೃಢತೆಯನ್ನು ಕೊಂಡಾಡುವುದೇ ಹೌದು. ಆದರೂ ಹೊಗಳಿಕೆಯ ನಡುವೆ ಆ ತಂದೆತಾಯಿಗಳ "ಬೇಡ" ಎಂಬುದು ಹೇಗೋ ಉಳಿದುಕೊಂಡುಬಿಟ್ಟಿದೆ. ಅಷ್ಟು ಕಲ್ಲುಗಳ ನಡುವೆ ಸಾಯಬೇಡವೆಂದು ಅಂಗಲಾಚುವ ದನಿ ಇಷ್ಟು ಸ್ಪಷ್ಟವಾಗಿ ನನಗೆ ಕೇಳಿಸಿದ್ದು ಇದೊಂದರಲ್ಲಿಯೇ.

ಯಾರ ಉಪಯೋಗಕ್ಕೂ ಬಾರದ ಸಾವಿನ ಗತಿಯೇ ಬೇರೆ. ಶಾಸ್ತ್ರಕಾರರು ಅದನ್ನು ದುರ್ಮರಣವೆಂದರು. ಆತ್ಮಘಾತಿಗೆ ಸಾಮಾನ್ಯ ಉತ್ತರಕ್ರಿಯೆ ಸಲ್ಲದೆಂದು ವಿಧಿಸಿದರು. ಆಮೇಲೆ ಮನೆಯವರ ಸಂಕಟ ನೋಡಲಾರದೆಯೋ ಏನೋ, ನಾರಾಯಣ ಬಲಿಯೆಂಬ ದಾರಿಯನ್ನೂ ತೋರಿಸಿದರು. ಈಶಾವಾಸ್ಯದಲ್ಲಿ ಬರುವ ಆತ್ಮಹಂತರೆಂಬ ಮಾತನ್ನು ಇವರಿಗೇ ಅನ್ವಯಿಸಿ ಹೇಳುವ ಪ್ರವಚನಕಾರರನ್ನು ನಾನು ಕೇಳಿದ್ದೇನೆ. ಶಂಕರರ ಭಾಷ್ಯವನ್ನು ತೆಗೆದು ನೋಡಿದರೆ, ಆತ್ಮಸ್ವರೂಪವನ್ನರಿಯದ ಅವಿದ್ಯಾವಂತರೆಲ್ಲರೂ ಆತ್ಮಹಂತರೇ. ಆ ಪಟ್ಟಿಯಲ್ಲಿ ಪ್ರವಚನಕಾರರೂ ಕೇಳುಗರೂ ಸೇರುತ್ತೇವೆ.

ಬುದ್ಧಿ ಕದಡಿದವರ ವಿಷಯದಲ್ಲಿ ಮಾತ್ರ ನಮ್ಮ ಭಾಷೆ ಮೊದಲಿಗೆ ಇಷ್ಟು ಕಠಿಣವಾಗಿರಲಿಲ್ಲವೆಂದು ನನ್ನ ಭಾವನೆ. ಶಿಕಾರಿಪುರದ ಆಂಜನೇಯನಿಗೆ ಹುಚ್ಚರಾಯಸ್ವಾಮಿಯೆಂದು ಹೆಸರು. ಹುಚ್ಚಪ್ಪ, ಹುಚ್ಚಯ್ಯ, ಹುಚ್ಚಮ್ಮ ಎಂದು ಮಕ್ಕಳಿಗೆ ಹೆಸರಿಡುತ್ತಿದ್ದ ಜನ ನಾವು. ಶಿವಶರಣರಲ್ಲಿ ಮರುಳಸಿದ್ಧರಿದ್ದಾರೆ. ಹೊಲದಲ್ಲಿ ಹುಚ್ಚೆಳ್ಳು ಬೆಳೆದೆವು, ಏರಿಬಂದ ನೀರನ್ನು ಹುಚ್ಚುಹೊಳೆ ಎಂದೆವು. ಮನೆಯಲ್ಲಿ ಒಬ್ಬರ ಮನಸ್ಸು ಕೆಟ್ಟರೆ "ಗಾಳಿ ಸೋಕಿದೆ" ಎನ್ನುತ್ತಿದ್ದರು. ಆ ಚಿಕಿತ್ಸೆಯನ್ನು ನಾನು ಸಮರ್ಥಿಸುತ್ತಿಲ್ಲ; ಬೇವಿನ ಸೊಪ್ಪಿನ ಏಟು ತಿಂದವರ ಪಾಡು ನನಗೆ ಗೊತ್ತು. ಆದರೆ ಗಾಳಿ ಹೊರಗಿನಿಂದ ಬಂದದ್ದು, ಹೊರಗೆ ಹೋಗತಕ್ಕದ್ದು. ರೋಗಿಯನ್ನು ಗಾಣಗಾಪುರಕ್ಕೆ ಕರೆದೊಯ್ಯುವಾಗ ಯಾರೂ ಮುಖ ಮುಚ್ಚಿಕೊಂಡು ಹೋಗುತ್ತಿರಲಿಲ್ಲ. ಅದೇ ರೋಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದೆಂದರೆ ರಾತ್ರಿಯ ಬಸ್ಸೇ ಆಗಬೇಕು.

ಇದಕ್ಕೆ ಚರಿತ್ರೆಯೂ ಕಾರಣ. ಬೆಂಗಳೂರಿನ ಆಸ್ಪತ್ರೆ 1847ರಲ್ಲಿ ಪ್ರಾರಂಭವಾದದ್ದು ಹುಚ್ಚರನ್ನು ಇರಿಸುವ ಮನೆಯಾಗಿ. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆಯೆಂದು ಬದಲಿಸಿತು. ಹೆಸರು ಬದಲಾದರೂ 1912ರ ಕಾಯಿದೆಯ ಪ್ರಕಾರ ಇಂಥ ಆಸ್ಪತ್ರೆಗಳಿಗೆ ಸೇರಿಸುವ ರಾಜಮಾರ್ಗ ಮ್ಯಾಜಿಸ್ಟ್ರೇಟರ ಹುಕುಮಿನದು; ಬೀದಿಯಲ್ಲಿ ಅಲೆಯುವವನನ್ನು ಪೊಲೀಸರೇ ಹಿಡಿದು ತರುವುದು. ಕಾಯಿಲೆಗೂ ಠಾಣೆಗೂ ಗಂಟು ಬಿದ್ದ ಮೇಲೆ ಮರ್ಯಾದಸ್ಥರು ದೂರ ನಿಂತರೆ ಆಶ್ಚರ್ಯವೇನು? 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಸಂಸ್ಥೆ ಬಂತು, ಡಾ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ದೇಶಕ್ಕೇ ವೈದ್ಯರನ್ನು ತಯಾರು ಮಾಡಿ ಕೊಟ್ಟ ಸಂಸ್ಥೆಯ ಹೆಸರನ್ನು ನಾವು ಬೈಗುಳಕ್ಕೆ ಬಳಸಿಕೊಂಡೆವು. ಉತ್ತರದವರಿಗೆ ಆ ಕೆಲಸಕ್ಕೆ ಧಾರವಾಡವಿತ್ತು.

ಆಸ್ಪತ್ರೆಗಳ ಒಳಗೆ ಮಾತ್ರ ಬೇರೆ ಗಾಳಿ ಬೀಸತೊಡಗಿತ್ತು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಮನೆಯವರನ್ನೂ ಇರಗೊಟ್ಟರು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗ, ಅಂದರೆ ಸಾಧಾರಣ ಆರೋಗ್ಯ ಕೇಂದ್ರದ ವೈದ್ಯರೇ ಮನೋರೋಗಕ್ಕೂ ಔಷಧ ಕೊಡುವ ಕ್ರಮ, 1996ರ ರಾಷ್ಟ್ರೀಯ ಯೋಜನೆಗೆ ಮಾದರಿಯಾಯಿತು. ಇಷ್ಟಾದ ಮೇಲೂ 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಕಾಲಿಗೆ ಸಂಕೋಲೆಯಿತ್ತು, ಓಡಲಾಗಲಿಲ್ಲ.

ಆ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ. ಪಾಠ ಮುಗಿದ ಮೇಲೆ ಅವನು ಬಾಗಿಲ ಬಳಿ ನಿಂತಿದ್ದ. "ನಮ್ಮಣ್ಣನದು ಸಾರ್. ಮನೆಯಲ್ಲಿ ಹೊಟ್ಟೆನೋವು ಅಂತ ಬರೆಸಿದರು" ಎಂದ.

ಹೊಟ್ಟೆನೋವು! ನಮ್ಮ ಪತ್ರಿಕೆಗಳ ಮೂಲೆಯ ಸುದ್ದಿಗಳನ್ನು ಓದಿದವರಿಗೆ ಈ ಪದ ಹೊಸದಲ್ಲ. ಹೊಟ್ಟೆನೋವು ತಾಳಲಾರದೆ, ಇಲ್ಲವೇ ಜೀವನದಲ್ಲಿ ಜುಗುಪ್ಸೆಗೊಂಡು: ಎರಡೇ ಅಚ್ಚು, ಎಲ್ಲ ಸಾವನ್ನೂ ಅವೆರಡರಲ್ಲೇ ಎರಕಹೊಯ್ಯುವುದು. ನೂರು ವರ್ಷದ ಮೇಲೆ ಯಾವನಾದರೂ ಸಂಶೋಧಕ ಈ ಸಂಚಿಕೆಗಳನ್ನು ತಿರುವಿದರೆ ಕನ್ನಡಿಗರಿಗೆ ಜಠರದ ಮಹಾರೋಗವೊಂದಿತ್ತೆಂದು ಪ್ರಬಂಧ ಬರೆದಾನು. ನಮ್ಮ ಮನೆಯಲ್ಲಿಯೂ ಅದೇ ರೋಗವಿತ್ತು.

ನನ್ನ ಚಿಕ್ಕಪ್ಪ ಗುಮಾಸ್ತನಾಗಿದ್ದ, ಒಳ್ಳೆಯ ಅಕ್ಷರ. 1986ರಲ್ಲಿ, ನಾನಿನ್ನೂ ಚಿಕ್ಕವನು, ಅವನಿಗೆ ನಿದ್ದೆ ಹೋಯಿತು. ರಾತ್ರಿಯೆಲ್ಲ ಜಗಲಿಯ ಮೇಲೆ ಕುಳಿತಿರುತ್ತಿದ್ದ. ಊಟಕ್ಕೆ ಕರೆದರೆ ತನಗೆ ಅದು ಸಲ್ಲದೆನ್ನುತ್ತಿದ್ದ. ತಾಯಿತ ಕಟ್ಟಿಸಿದರು. ಒಂದು ದಿನ ಪ್ರಾಣ ಕಳೆದುಕೊಳ್ಳಲು ಹೋಗಿ ಬದುಕಿಕೊಂಡ. ಆಸ್ಪತ್ರೆಯಿಂದ ಠಾಣೆಗೆ ಚೀಟಿ ಹೋಯಿತು. ಆ ವಾರವೆಲ್ಲ ನಮ್ಮ ತಾತ ಓಡಾಡಿದ್ದು ಮಗನ ಮನಸ್ಸಿನ ಗಾಯಕ್ಕಾಗಿ ಅಲ್ಲ, ಮೊಕದ್ದಮೆಯಾಗದಿರಲೆಂದು. ಅಚಾತುರ್ಯದಿಂದ ಆದದ್ದೆಂದು ಹೇಳಿಕೆ ಬರೆದುಕೊಟ್ಟು ಮನೆಗೆ ಕರೆತಂದರು. ಎಲ್ಲರೂ ಬಹಳ ಒಳ್ಳೆಯವರಾಗಿ ನಡೆದುಕೊಂಡರು. ಒಬ್ಬರೂ ಏನನ್ನೂ ಕೇಳಲಿಲ್ಲ. ಮರುವರ್ಷ ಅವನು ಹೋಗಿಬಿಟ್ಟ. ಗೋಡೆಯ ಮೇಲಿದ್ದ ಅವನ ಪಟ ತೆಗೆದರು.

ತಾತನ ಭಯ ಸುಳ್ಳಲ್ಲ. 1860ರ ದಂಡಸಂಹಿತೆಯ 309ನೆಯ ಕಲಮಿನಂತೆ ಆತ್ಮಹತ್ಯೆಯ ಪ್ರಯತ್ನಕ್ಕೆ ಒಂದು ವರ್ಷದವರೆಗೆ ಸಾದಾ ಸಜೆಯಿತ್ತು. ಸತ್ತವನನ್ನು ಸರ್ಕಾರ ಏನೂ ಮಾಡಲಾರದು, ಉಳಿದವನನ್ನು ದಂಡಿಸಬಹುದು. ಈ ವಿವೇಕ ಇಂಗ್ಲೆಂಡಿನದು. ಅಲ್ಲಿ ಇಂಥವರ ಹೆಣವನ್ನು ನಾಲ್ಕು ದಾರಿ ಕೂಡುವಲ್ಲಿ ಹೂಳುತ್ತಿದ್ದರು. 1823ರ ಶಾಸನ ಅದನ್ನು ನಿಲ್ಲಿಸಿತು. 1961ರಲ್ಲಿ ಆಂಗ್ಲರು ತಮ್ಮ ದೇಶದಲ್ಲಿ ಆ ಅಪರಾಧವನ್ನೇ ತೆಗೆದುಹಾಕಿದರು. ನಾವು ಮಾತ್ರ ಅವರು ಕೊಟ್ಟುಹೋದದ್ದನ್ನು ಜೋಪಾನವಾಗಿಟ್ಟುಕೊಂಡೆವು. 1971ರಲ್ಲಿ ಕಾನೂನು ಆಯೋಗ ಕಲಮು ಬೇಡವೆಂದಿತು. 1978ರ ಮಸೂದೆ ರಾಜ್ಯಸಭೆಯನ್ನು ದಾಟಿ, ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ನನ್ನ ಚಿಕ್ಕಪ್ಪನ ಹೇಳಿಕೆ ಬರೆಸಿದ ಆ 1986ರಲ್ಲಿಯೇ ಮುಂಬಯಿಯ ಉಚ್ಚ ನ್ಯಾಯಾಲಯ, ಅಪಘಾತದಲ್ಲಿ ತಲೆಗೆ ಪೆಟ್ಟುಬಿದ್ದು ಮನಸ್ಸು ಕೆಟ್ಟಿದ್ದ ಪೊಲೀಸ್ ಪೇದೆಯೊಬ್ಬನ ಮೊಕದ್ದಮೆಯಲ್ಲಿ ಈ ಕಲಮು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ನಮ್ಮೂರಿನ ಠಾಣೆಗೆ ಅದು ಮುಟ್ಟುವ ಮಾತೇ ಅಲ್ಲ. 1994ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹಾಗೆಯೇ ಹೇಳಿತು. 1996ರಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನು ತಿರುಗಿಸಿತು.

2017ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಇಂಥ ಪ್ರಯತ್ನ ಮಾಡಿದವನು ತೀವ್ರವಾದ ಒತ್ತಡದಲ್ಲಿದ್ದನೆಂದೇ ಮೊದಲು ಭಾವಿಸಬೇಕು, ಅವನನ್ನು ದಂಡಿಸಕೂಡದು, ಅವನ ಆರೈಕೆ ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. 2024ರ ಜುಲೈ 1ರಿಂದ ನಡೆಯುತ್ತಿರುವ ಹೊಸ ಸಂಹಿತೆಯಲ್ಲಿ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರನನ್ನು ಒತ್ತಾಯಿಸಲು ಮಾಡುವ ಪ್ರಯತ್ನ ಮಾತ್ರ ಈಗಲೂ ಅಪರಾಧ. 2022ರಲ್ಲಿ ಪ್ರಾರಂಭವಾದ ಟೆಲಿಮಾನಸ್ ಎಂಬ ಸರ್ಕಾರದ ದೂರವಾಣಿಗೆ, 14416ಕ್ಕೆ, ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಅಂಕಿಯನ್ನು ನಾನು ಈಗ ನಿಸಿದಿಗಲ್ಲಿನ ಪಾಠದ ದಿನ ಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ.

ಕಾನೂನು ಸರಿದರೂ ಬಾಯಿ ತೆರೆಯುವುದು ನಿಧಾನ. ಹೋದ ದೀಪಾವಳಿಗೆ ನನ್ನ ಸೋದರತ್ತೆಯ ಮನೆಗೆ ಹೋಗಿದ್ದೆ. ವಂಶವೃಕ್ಷವನ್ನು ಬರೆದಿಡುತ್ತಿದ್ದೇನೆ, ಚಿಕ್ಕಪ್ಪನ ಹೆಸರಿನ ಮುಂದೆ ಏನು ಬರೆಯಲಿ ಎಂದು ಕೇಳಿದೆ. ಅವರಿಗೆ ಈಗ ಅರವತ್ತು ದಾಟಿದೆ. ಬಹಳ ಹೊತ್ತು ಬತ್ತಿ ಹೊಸೆಯುತ್ತಲೇ ಇದ್ದರು.

"ಚಿಕ್ಕಣ್ಣನಿಗೆ ಹೊಟ್ಟೆನೋವಿರಲಿಲ್ಲ ಕಣೋ" ಎಂದರು ಕೊನೆಗೆ. "ಬೆಂಗಳೂರಿಗೆ ಕರಕೊಂಡು ಹೋಗಿ ಅಂತ ಡಾಕ್ಟರು ಹೇಳಿದ್ದರು. ಆಗ ನನ್ನ ಮದುವೆ ಮಾತು ನಡೀತಿತ್ತು. ಹುಡುಗಿಯ ಅಣ್ಣ ಅಲ್ಲಿದ್ದಾನೆ ಅಂತ ಗೊತ್ತಾದರೆ ಗಂಡಿನವರು ಬಿಟ್ಟಾರು ಅಂತ ಅಪ್ಪ, ಮದುವೆ ಆಗಲಿ, ಆಮೇಲೆ ನೋಡೋಣ ಅಂದರು."

ಮದುವೆ ಆಗಿತ್ತೇ ಎಂದು ಕೇಳಿದೆ.

"ಆಗಿ ಇಪ್ಪತ್ತು ದಿನ" ಎಂದು, ಕೇಳದಿದ್ದರೂ, ಅವನ ತಿಥಿಯನ್ನು ಹೇಳಿದರು. ಬರೆದುಕೊಂಡೆ.