ಅಪಲಾಚಿಯನ್ ಟ್ರೇಲ್‌ನಲ್ಲಿ ನಾಯಿಯೊಂದಿಗೆ ಚಾರಣ

ಅಪಲಾಚಿಯನ್ ಟ್ರೇಲ್ ಅಮೆರಿಕದ ಪೂರ್ವ ಭಾಗದ ಬೆಟ್ಟಸಾಲಿನ ಮೇಲೆ ಸಾಗುವ ಕಾಲುದಾರಿ. ದಕ್ಷಿಣದ ತುದಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟ, ಉತ್ತರದ ತುದಿ ಮೇನ್ ರಾಜ್ಯದ ಕಟಾಡಿನ್ ಶಿಖರ. ನಡುವೆ 14 ರಾಜ್ಯಗಳು, ಸುಮಾರು 3,500 ಕಿ.ಮೀ. ಬೆಂಟನ್ ಮಕಾಯ್ 1921ರಲ್ಲಿ ಈ ದಾರಿಯ ಕಲ್ಪನೆ ಮುಂದಿಟ್ಟ, 1937ರಲ್ಲಿ ಅದು ಪೂರ್ತಿಯಾಯಿತು. ಒಂದೇ ಉಸಿರಿಗೆ ಇಡೀ ದಾರಿ ನಡೆಯುವವರಿಗೆ ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಹಾಗೆ ಹೊರಟವರಲ್ಲಿ ಮುಗಿಸುವವರು ಸುಮಾರು ನಾಲ್ಕರಲ್ಲಿ ಒಬ್ಬರು. ಕೆಲವರು ಜೊತೆಗೆ ನಾಯಿಯನ್ನೂ ಕರೆದೊಯ್ಯುತ್ತಾರೆ. ಮನುಷ್ಯ ತಾನೇ ಬಯಸಿ ಹೊರಟವನು, ಬೇಸರವಾದರೆ ಬಸ್ ಹತ್ತಿ ಮನೆಗೆ ಹೋಗಬಲ್ಲ. ನಾಯಿ ಯಜಮಾನನ ಹಿಂದೆ ಹೊರಟದ್ದು, ಕಾಲು ಸೋತರೂ ಅವನ ಹಿಂದೆಯೇ ನಡೆಯುತ್ತದೆ. ಈ ಚಾರಣದ ನಿಯಮ, ಸಿದ್ಧತೆ, ವಿವಾದ ಎಲ್ಲಕ್ಕೂ ಮೂಲ ಈ ವ್ಯತ್ಯಾಸ.

ಇರ್ವಿನ್ ಮತ್ತು ಓರಿಯಂಟ್

ಈ ದಾರಿಯಲ್ಲಿ ನಡೆದ ನಾಯಿಗಳಲ್ಲಿ ಹೆಚ್ಚು ಹೆಸರಾದದ್ದು ಓರಿಯಂಟ್ ಎಂಬ ಜರ್ಮನ್ ಷೆಪರ್ಡ್. ಅದರ ಯಜಮಾನ ಉತ್ತರ ಕೆರೊಲಿನಾದ ಬಿಲ್ ಇರ್ವಿನ್‌ಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಇಬ್ಬರೂ 1990ರ ಮಾರ್ಚ್‌ನಲ್ಲಿ ಜಾರ್ಜಿಯಾದಿಂದ ಹೊರಟು ನವೆಂಬರ್‌ನಲ್ಲಿ ನಡಿಗೆ ಮುಗಿಸಿದರು. ಇಡೀ ದಾರಿ ನಡೆದ ಮೊದಲ ಅಂಧ ಚಾರಣಿಗ ಇರ್ವಿನ್. ಸಹಚಾರಣಿಗರು ಈ ಜೋಡಿಗೆ 'ಓರಿಯಂಟ್ ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟಿದ್ದರು.

ಇದರ ಕಷ್ಟ ಅರ್ಥವಾಗಬೇಕಾದರೆ ಮಾರ್ಗದರ್ಶಕ ನಾಯಿಯ ಕೆಲಸ ಏನೆಂದು ತಿಳಿದಿರಬೇಕು. ಎಲ್ಲಿಗೆ ಹೋಗಬೇಕೆಂಬುದು ನಾಯಿಗೆ ಗೊತ್ತಿರುವುದಿಲ್ಲ. ಎಡಕ್ಕೋ ಬಲಕ್ಕೋ ಎಂದು ಹೇಳುವವನು ಮನುಷ್ಯ. ಗುಂಡಿ, ಕಂಬ, ಮೆಟ್ಟಿಲು ತಪ್ಪಿಸುವುದಷ್ಟೇ ನಾಯಿಯ ಪಾಲು. ಆ ಪಾಠ ಪೇಟೆಯ ಪಾದಚಾರಿ ದಾರಿಗೆ ಸರಿ. ಅಪಲಾಚಿಯನ್ ಟ್ರೇಲ್‌ನ ಗುರುತು ಎಂದರೆ ಮರ, ಬಂಡೆಗಳ ಮೇಲೆ ಬಳಿದ ಐದು ಸೆಂ.ಮೀ. ಅಗಲ, ಹದಿನೈದು ಸೆಂ.ಮೀ. ಉದ್ದದ ಬಿಳಿ ಪಟ್ಟಿ. ಅದು ಯಜಮಾನನಿಗೆ ಕಾಣದು, ನಾಯಿಗೆ ಕಲಿಸಿಲ್ಲ. ಬೇರು, ಕಲ್ಲು, ಹೊಳೆಗಳಲ್ಲಿ ಇರ್ವಿನ್ ಬಿದ್ದದ್ದು ಸಾವಿರಾರು ಸಲ. ಅಂಗವಿಕಲರ ಹಕ್ಕುಗಳ ಅಮೆರಿಕನ್ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ವರ್ಷದ ಜುಲೈ 26ರಂದು, ಇವರಿಬ್ಬರೂ ಇನ್ನೂ ದಾರಿಯಲ್ಲಿದ್ದಾಗ. ಇರ್ವಿನ್ 2014ರಲ್ಲಿ ತೀರಿಕೊಂಡ.

ಓರಿಯಂಟ್ ತರಬೇತಿ ಪಡೆದ ಸೇವಾ ನಾಯಿ. ಅದರ ಕತೆ ಓದಿ ಮನೆಯ ಮುದ್ದಿನ ನಾಯಿಯೊಂದಿಗೆ ಹೊರಡುವವರು ಈ ಅಂತರವನ್ನು ಮರೆಯಬಾರದು. ಕಾನೂನಂತೂ ಮರೆಯುವುದಿಲ್ಲ.

ನಾಯಿಗೆ ಪ್ರವೇಶವಿಲ್ಲದ ಕಡೆ

ಸಾಕುನಾಯಿಗೆ ದಾರಿಯುದ್ದಕ್ಕೂ ಮೂರು ಕಡೆ ನಿಷೇಧವಿದೆ. ಮೊದಲನೆಯದು ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ. ದಾರಿ ಇಲ್ಲಿ ಸುಮಾರು 115 ಕಿ.ಮೀ. ಸಾಗುತ್ತದೆ. ನಡೆಯುವವರು ದಕ್ಷಿಣದ ಫಾಂಟಾನಾ ಅಣೆಕಟ್ಟಿನ ಬಳಿ ನಾಯಿಯನ್ನು ಬಾಡಿಗೆಯ ನಾಯಿಪಾಲನಾ ಕೇಂದ್ರದವರಿಗೆ ಒಪ್ಪಿಸಿ, ವಾರ ಕಳೆದ ಮೇಲೆ ಉತ್ತರದ ಡೇವನ್‌ಪೋರ್ಟ್ ಗ್ಯಾಪ್‌ನಲ್ಲಿ ವಾಪಸ್ ಪಡೆಯುವುದು ರೂಢಿ. ಖರ್ಚು ಕಡಿಮೆಯೇನಲ್ಲ, ಆದರೆ ನಾಯಿಗೆ ಸಿಗುವ ವಿಶ್ರಾಂತಿ ವ್ಯರ್ಥವಲ್ಲ.

ಎರಡನೆಯದು ನ್ಯೂಯಾರ್ಕ್‌ನ ಬೇರ್ ಮೌಂಟನ್. ಇಲ್ಲಿ ದಾರಿ ಒಂದು ಸಣ್ಣ ಮೃಗಾಲಯದೊಳಗೇ ಹಾದುಹೋಗುತ್ತದೆ. ಇಡೀ ದಾರಿಯ ಅತಿ ತಗ್ಗಿನ ಜಾಗ, ಸಮುದ್ರಮಟ್ಟದಿಂದ 38 ಮೀಟರ್, ಇರುವುದೂ ಅಲ್ಲೇ. ನಾಯಿ ಇದ್ದವರು ಪಕ್ಕದ ರಸ್ತೆ ಹಿಡಿದು ಸುತ್ತಿ ಬರುತ್ತಾರೆ.

ಮೂರನೆಯದು ಕೊನೆಯ ಬೆಟ್ಟವೇ. ಕಟಾಡಿನ್ ಇರುವ ಬ್ಯಾಕ್ಸ್‌ಟರ್ ಉದ್ಯಾನದ ಜಮೀನನ್ನು ಪರ್ಸಿವಲ್ ಬ್ಯಾಕ್ಸ್‌ಟರ್ ಎಂಬ ಮಾಜಿ ಗವರ್ನರ್ ಸ್ವಂತ ಹಣದಲ್ಲಿ ಕೊಂಡು, 1931ರಿಂದ ಕಂತುಕಂತಾಗಿ ರಾಜ್ಯಕ್ಕೆ ಬರೆದುಕೊಟ್ಟ. ಕಾಡು ಕಾಡಾಗಿಯೇ ಉಳಿಯಬೇಕೆಂಬುದು ಅವನ ಷರತ್ತು. ಅಲ್ಲಿಗೆ ಸಾಕುಪ್ರಾಣಿ ಬರುವಂತಿಲ್ಲ. ತಿಂಗಳುಗಟ್ಟಲೆ ಜೊತೆಗೆ ನಡೆದ ನಾಯಿ ಕೊನೆಯ 24 ಕಿ.ಮೀ.ಗೆ ಹೊರಗುಳಿಯುತ್ತದೆ. ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದಾಗ ಧರ್ಮರಾಯ ತನಗೂ ಬೇಡ ಎಂದ. ಇಲ್ಲಿ ನಾಯಿಯನ್ನು ಹತ್ತಿರದ ಮಿಲಿನಾಕೆಟ್ ಊರಿನಲ್ಲಿ ಬಿಟ್ಟು ಬೆಟ್ಟ ಹತ್ತಿ ಬರುವುದೇ ವಾಡಿಕೆ.

ಈ ಮೂರು ಕಡೆ ಬಿಟ್ಟು ಉಳಿದೆಡೆ ನಾಯಿ ಬರಬಹುದು. ಆದರೆ ದಾರಿಯ ಶೇ. 40ಕ್ಕೂ ಹೆಚ್ಚು ಭಾಗ ರಾಷ್ಟ್ರೀಯ ಉದ್ಯಾನ ಸೇವೆಯ ಜಮೀನಿನಲ್ಲಿದೆ, ಅಲ್ಲಿ 1.8 ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಹಿಡಿದಿರಲೇಬೇಕು.

ಹೇರು ಮತ್ತು ಹಿಟ್ಟು

ನಾಯಿ ತನ್ನ ಆಹಾರವನ್ನು ತಾನೇ ಹೊರುತ್ತದೆ. ಬೆನ್ನಿನ ಎರಡೂ ಬದಿಗೆ ಇಳಿಬಿದ್ದ ಚೀಲಗಳು, ಎದೆಗೂ ಹೊಟ್ಟೆಗೂ ಪಟ್ಟಿ. ಹೇರು ಮೈತೂಕದ ಕಾಲು ಭಾಗ ಮೀರಬಾರದು ಎಂಬುದು ಸಾಮಾನ್ಯ ಮಿತಿ, ಹೊಸದಾಗಿ ಹೊರುವ ನಾಯಿಗೆ ಅದಕ್ಕಿಂತ ತೀರಾ ಕಡಿಮೆ. ಎಲುಬು ಬಲಿಯದ ಮರಿಗೆ ಹೇರು ಹೊರಿಸಬಾರದು. ದೊಡ್ಡ ತಳಿಗಳಲ್ಲಿ ಎಲುಬು ಬಲಿಯಲು ಒಂದೂವರೆ ವರ್ಷವೂ ಬೇಕಾಗುತ್ತದೆ.

25 ಕಿಲೋ ತೂಗುವ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 780 ಕಿಲೋ ಕ್ಯಾಲೊರಿ ಖರ್ಚು ಮಾಡುತ್ತದೆ. ಇಡೀ ದಿನ ಬೆಟ್ಟ ಹತ್ತಿಳಿದರೆ ಅದರ ಮೂರು ಪಟ್ಟಾದರೂ ಬೇಕಾಗಬಹುದು, ಅಂದರೆ ಒಣ ನಾಯಿಆಹಾರ 650 ಗ್ರಾಂ. ಐದು ದಿನಕ್ಕೆ ಮೂರು ಕಿಲೋ ಮೀರಿತು. ಅದರ ಮೇಲೆ ನೀರು, ಬಟ್ಟಲು, ಹಾಸು. ಮುಂದಿನ ಊರು ದೂರವಿದ್ದರೆ ಹೆಚ್ಚಿನ ತೂಕ ಯಜಮಾನನ ಬೆನ್ನಿಗೇ ಬರುತ್ತದೆ. ಮೇನ್‌ನಲ್ಲಿ ಕೊನೆಗೆ ಸಿಗುವ 'ಹಂಡ್ರೆಡ್ ಮೈಲ್ ವೈಲ್ಡರ್ನೆಸ್' 160 ಕಿ.ಮೀ. ಕಾಡು, ಒಂದೂ ಊರಿಲ್ಲ.

ಮೈಯ ಮಿತಿ

ನಾಯಿಯ ಬೆವರುಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ಮೈ ತಣಿಸಿಕೊಳ್ಳಲು ಅದಕ್ಕಿರುವ ದಾರಿ ನಾಲಗೆ ಚಾಚಿ ತೇಕುವುದು. ಸಹಜವಾಗಿ 38-39 ಡಿಗ್ರಿ ಇರುವ ಮೈಶಾಖ 41 ದಾಟಿದರೆ ಜೀವಕ್ಕೇ ಅಪಾಯ. ಮೊಂಡು ಮೂತಿಯ ಪಗ್, ಬುಲ್‌ಡಾಗ್‌ಗಳು ಸರಿಯಾಗಿ ತೇಕಲಾರವು; ಅವುಗಳಿಗೆ ಈ ದಾರಿ ಹೇಳಿಸಿದ್ದಲ್ಲ.

ಪೆನ್ಸಿಲ್ವೇನಿಯಾದ ಚೂಪುಗಲ್ಲುಗಳು ಅಂಗಾಲಿನ ಮೆತ್ತೆಯನ್ನು ಸವೆಸುತ್ತವೆ. ಬೂಟು ತೊಡಿಸುವುದುಂಟು, ಆದರೆ ಕೆಸರಲ್ಲಿ ಅವು ಕಳಚಿ ಕಳೆದುಹೋಗುವುದೂ ಉಂಟು. ನ್ಯೂ ಹ್ಯಾಂಪ್‌ಷೈರ್‌ನ ವೈಟ್ ಮೌಂಟನ್ಸ್‌ನಲ್ಲಿ ಕಡಿದಾದ ಬಂಡೆಗಳಿಗೆ ಏಣಿ ಹಾಕಿದ್ದಾರೆ. ಮೇನ್‌ನ ಮಹೂಸಕ್ ನಾಚ್‌ನಲ್ಲಿ ಸುಮಾರು ಒಂದೂವರೆ ಕಿ.ಮೀ. ಉದ್ದಕ್ಕೆ ಮನೆಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ; ಅಲ್ಲಿ ನಾಯಿಯನ್ನು ಎತ್ತಿ ದಾಟಿಸಬೇಕು. 30 ಕಿಲೋ ನಾಯಿಯನ್ನು ಎತ್ತಬಲ್ಲೆನೇ ಎಂದು ಮನೆಯಲ್ಲೇ ನೋಡಿಕೊಳ್ಳುವುದು ಲೇಸು.

ಸಂಜೆ ಬಿಡಾರ ಹೂಡಿದ ಮೇಲೆ ಮೊದಲ ಕೆಲಸ ಉಣ್ಣೆ ಹುಡುಕುವುದು. ಕೊರಳಪಟ್ಟಿಯ ಅಡಿ, ಕಿವಿಯ ಒಳಮಡಿಕೆ, ಮುಂಗಾಲ ಕಂಕುಳು, ತೊಡೆಸಂದು, ಬೆರಳುಗಳ ನಡುವೆ ಬೆರಳಾಡಿಸಿ ನೋಡಬೇಕು. ಉಣ್ಣೆ ಕಡಿತದಿಂದ ಹರಡುವ ಲೈಮ್ ಕಾಯಿಲೆಗೆ ಆ ಹೆಸರು ಬಂದದ್ದು ಕನೆಕ್ಟಿಕಟ್‌ನ ಲೈಮ್ ಊರಿನಿಂದ. ಆ ರಾಜ್ಯದಲ್ಲೂ ದಾರಿ ಹಾದುಹೋಗುತ್ತದೆ. ಸೋಂಕು ದಾಟಲು ಉಣ್ಣೆ ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು, ಆದ್ದರಿಂದ ದಿನಾ ಹುಡುಕಿ ಕೀಳುವುದಕ್ಕೆ ಬೆಲೆಯಿದೆ. ನಾಯಿಗೆ ಲಸಿಕೆಯೂ ಉಂಟು. ಹುಡುಕುವಾಗಲೇ ಕಂಕುಳಲ್ಲಿ ಪಟ್ಟಿ ಉಜ್ಜಿ ಕೂದಲು ಉದುರಿದ ಕೆಂಪು ಜಾಗ ಕಣ್ಣಿಗೆ ಬೀಳುತ್ತದೆ. ಕುಂಟು ಶುರುವಾಗುವ ಮುನ್ನ ನಾಯಿಯಿಂದ ಸಿಗುವ ದೂರು ಬಹುತೇಕ ಅಷ್ಟೇ.

ಮುಳ್ಳುಹಂದಿಯ ಮುಳ್ಳಿಗೆ ಹಿಮ್ಮುಖ ಕೊಕ್ಕೆಗಳಿರುತ್ತವೆ, ಮೂತಿಗೆ ಚುಚ್ಚಿಕೊಂಡರೆ ಪಶುವೈದ್ಯರೇ ಗತಿ. ಕರಡಿಯ ವಿಷಯದಲ್ಲಿ ನಾಯಿ ಕಾವಲು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹಗ್ಗವಿಲ್ಲದ ನಾಯಿ ಬೊಗಳುತ್ತಾ ಅಟ್ಟಿಸಿಕೊಂಡು ಹೋಗಿ, ಕರಡಿ ತಿರುಗಿಬಿದ್ದ ಕೂಡಲೇ ಅದನ್ನು ಬೆನ್ನಿಗಿಟ್ಟುಕೊಂಡೇ ಯಜಮಾನನ ಬಳಿ ಓಡಿಬರಬಹುದು.

ಇತರ ಚಾರಣಿಗರು

ರಾತ್ರಿ ತಂಗಲು ಮೂರು ಗೋಡೆಯ ಮರದ ಚಪ್ಪರಗಳಿವೆ. ಮಳೆಯ ದಿನ ಅದರೊಳಗೆ ಒದ್ದೆ ನಾಯಿ ಮೈ ಕೊಡವಿದರೆ ಎಷ್ಟು ಜನರ ಹಾಸಿಗೆ ಒದ್ದೆಯಾದೀತೆಂದು ಬೇರೆ ಹೇಳಬೇಕಿಲ್ಲ. ನಾಯಿ ಇದ್ದವರು ಪ್ರತ್ಯೇಕ ಡೇರೆ ಹೊತ್ತುಕೊಂಡೇ ಹೋಗುತ್ತಾರೆ. ಹೇಲನ್ನು ನೀರಿನಿಂದ 60 ಮೀಟರ್ ದೂರದಲ್ಲಿ ಗುಂಡಿ ತೋಡಿ ಮುಚ್ಚಬೇಕು.

ಬೇರೆ ದಾರಿಗಳು

ಪಶ್ಚಿಮದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ (ಸುಮಾರು 4,270 ಕಿ.ಮೀ.) ನಾಯಿಗೆ ಇನ್ನೂ ಕಷ್ಟ: ದಕ್ಷಿಣದಲ್ಲಿ ಮರುಭೂಮಿಯ ಸುಡುವ ಮರಳು, ನಡುವೆ ಯೊಸೆಮಿಟಿ, ಸಿಕ್ವೊಯಾ, ಕಿಂಗ್ಸ್ ಕ್ಯಾನ್ಯನ್‌ಗಳಲ್ಲಿ ನಿಷೇಧ. ಇಂಗ್ಲೆಂಡಿನ ಪೆನೈನ್ ವೇ (1965, ಸುಮಾರು 430 ಕಿ.ಮೀ.) ಕುರಿ, ದನಗಳ ಹುಲ್ಲುಗಾವಲ ನಡುವೆ ಹೋಗುತ್ತದೆ. ಅಲ್ಲಿನ ಮುಕ್ತ ಪ್ರವೇಶದ ಜಮೀನಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರಿನ ಹಗ್ಗ ಕಡ್ಡಾಯ. ಆದರೆ ಎಳೆಗರುವಿರುವ ಹಸುಗಳು ನುಗ್ಗಿ ಬಂದಾಗ ಮಾತ್ರ ಹಗ್ಗ ಕೈಬಿಡಬೇಕೆಂಬುದು ಅಲ್ಲಿಯ ಅಧಿಕೃತ ಸಲಹೆ: ಹಸುವಿನ ಕೋಪ ನಾಯಿಯ ಮೇಲೆ, ನಾಯಿ ಹಸುವಿಗಿಂತ ಜೋರಾಗಿ ಓಡುತ್ತದೆ, ಅದನ್ನು ಹಿಡಿದು ನಿಂತವನು ಓಡಲಾರ.