ಎರೆಭೂತದ ಬಂಧುವೂ ಪಕ್ಷಿಗಳ ಬೂಷ್ಟುರೋಗವೂ

ಚಳ್ಳಕೆರೆ ಸೀಮೆಯ ಕುದಾಪುರದ ಕಾವಲು ಎರೆಭೂತ ಪಕ್ಷಿಗೆ ಒಗ್ಗುವ ಹುಲ್ಲುಬಯಲಾಗಿತ್ತು. ಈ ಪಕ್ಷಿಯ ಯುರೋಪಿನ ಬಂಧುವೊಂದು ಪಕ್ಷಿಗಳ ಬೂಷ್ಟುರೋಗದ ಚರಿತ್ರೆಯಲ್ಲಿ ಮುಖ್ಯಸ್ಥಾನವನ್ನು ಪಡೆದಿದೆ.

1729ರಲ್ಲಿ ಇಟಲಿಯ ಮಿಕೇಲಿಯು ಬೂಷ್ಟೊಂದರ ತಲೆಯಲ್ಲಿ ತೀರ್ಥ ಚಿಮುಕಿಸುವ ಉಪಕರಣದ ಆಕಾರವನ್ನು ಕಂಡು ಅದಕ್ಕೆ ‘ಆಸ್ಪರ್ಜಿಲಸ್’ ಎಂದು ಹೆಸರಿಟ್ಟನು. 1863ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಫ್ರೆಸೇನಿಯಸನು ಆ ಬಂಧುಪಕ್ಷಿಯ ಶ್ವಾಸಾಂಗಗಳಲ್ಲಿ ದೊರೆತ ಪ್ರಭೇದವನ್ನು, ಹೊಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ, ‘ಫ್ಯೂಮಿಗೇಟಸ್’ ಎಂದು ಕರೆದನು.

ಉಬ್ಬಸವೂ ಸೊರಗುವಿಕೆಯೂ ಅನ್ಯರೋಗಗಳಲ್ಲಿಯೂ ಕಾಣುವುದರಿಂದ ಹೊರಲಕ್ಷಣಮಾತ್ರದಿಂದ ಈ ರೋಗವು ನಿರ್ಣಯವಾಗದು. ಗಾಳಿಚೀಲದ ಗಂಟುಗಳಲ್ಲಿ ಬೂಷ್ಟಿನ ಎಳೆಗಳನ್ನು ಸೂಕ್ಷ್ಮದರ್ಶಕದಿಂದ ಕಾಣಬೇಕು. ಅದನ್ನು ಬೆಳೆಯಿಸಿ ಪ್ರಭೇದವನ್ನು ಗುರುತಿಸಬೇಕು. ಎರೆಭೂತದ ಸಂತತಿಯೇ ಅಳಿವಿನಂಚಿನಲ್ಲಿರುವುದರಿಂದ, ಸತ್ತ ಪ್ರತಿಯೊಂದು ಪಕ್ಷಿಯನ್ನೂ ಹೀಗೆ ಪರೀಕ್ಷಿಸುವುದು ಆವಶ್ಯಕವಾಗಿದೆ.