ಪುಟ ಯಾರದು, ಲೆಕ್ಕ ಯಾರದು?

ವೆಬ್‌ನ ಚರಿತ್ರೆ ಓದುವಾಗ ನಾನು ಯಂತ್ರಗಳಿಗಿಂತ ಹೆಚ್ಚಾಗಿ ಕೆಲಸದ ಹಂಚಿಕೆಯನ್ನು ಗಮನಿಸುತ್ತೇನೆ. ಒಂದು ಪುಟವನ್ನು ಮುಟ್ಟುವ ಹಕ್ಕು ಯಾರಿಗಿತ್ತು?

1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯಲ್ಲಿ ಸಿಜಿಐ ಎಂಬ ವ್ಯವಸ್ಥೆ ರೂಪುಗೊಂಡಿತು. ಓದುಗ ಪುಟ ಕೇಳಿದಾಗ ಸರ್ವರ್ ಒಂದು ಪ್ರೋಗ್ರಾಂ ಓಡಿಸುತ್ತಿತ್ತು. ಲೆಕ್ಕ ಮಾಡುವ ಆ ಪ್ರೋಗ್ರಾಮೇ ಎಚ್‌ಟಿಎಂಎಲ್ ಸಾಲುಗಳನ್ನೂ ಬರೆದು ಕೊಡುತ್ತಿತ್ತು. ಹಾಗಾಗಿ ತಲೆಬರಹದ ಬಣ್ಣ ಬದಲಿಸಲೂ ಪ್ರೋಗ್ರಾಮರೇ ಬರಬೇಕಿತ್ತು. ಮುಂದೆ ಪಿಎಚ್‌ಪಿ, ಎಎಸ್‌ಪಿ, ಜೆಎಸ್‌ಪಿಗಳು ಇದನ್ನು ತಲೆಕೆಳಗು ಮಾಡಿ, ಪುಟದೊಳಗೇ ಪ್ರೋಗ್ರಾಂ ಸೇರಿಸಲು ಬಿಟ್ಟವು. ಈಗ ಪುಟ ವಿನ್ಯಾಸ ಮಾಡುವವರು ಕಡತ ತೆರೆದರೆ ಡೇಟಾಬೇಸ್ ಪ್ರಶ್ನೆಗಳು ಎದುರಾಗುತ್ತಿದ್ದವು. ಬೆರಕೆ ಮಾತ್ರ ಹಾಗೇ ಉಳಿಯಿತು.

ಬೇರ್ಪಡಿಸುವ ವಿಚಾರ ವೆಬ್‌ಗಿಂತ ಹಳೆಯದು. ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್‌ನಲ್ಲಿದ್ದಾಗ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ವಿಭಜನೆಯನ್ನು ಬರೆದಿಟ್ಟರು. ಮಾಹಿತಿ ಒಂದು ಕಡೆ, ಅದರ ನೋಟ ಇನ್ನೊಂದು ಕಡೆ, ಬಳಕೆದಾರನ ಆಜ್ಞೆ ಸ್ವೀಕರಿಸುವುದು ಮತ್ತೊಂದು ಕಡೆ. ಸುಮಾರು 20 ವರ್ಷಗಳ ಬಳಿಕ ಜಾವಾ ಪ್ರೋಗ್ರಾಮರುಗಳು ಇದನ್ನು ಸರ್ವರ್‌ಗೆ ತಂದರು.

ಆದರೆ ಕಡತ ಬೇರೆಯಾದರೆ ಸಾಕೇ? 2004ರ ಪ್ರಬಂಧವೊಂದರಲ್ಲಿ ಟೆರೆನ್ಸ್ ಪಾರ್ ಸಾಲದು ಎಂದು ವಾದಿಸಿದರು. ಟೆಂಪ್ಲೇಟ್ ಲೆಕ್ಕ ಮಾಡಬಾರದು, ಬೆಲೆಗಳನ್ನು ಹೋಲಿಸಬಾರದು. 'ಬೆಲೆ 1000 ದಾಟಿದರೆ ರಿಯಾಯಿತಿ' ಎಂಬ ತೀರ್ಮಾನ ಪ್ರೋಗ್ರಾಮಿನದು. ರಿಯಾಯಿತಿ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಪುಟ ತಿಳಿದರೆ ಸಾಕು. ಶಿಸ್ತನ್ನು ಮನುಷ್ಯರಿಗೆ ಬಿಡದೆ, ಉಪಕರಣವೇ ಗೋಡೆಯಾಗಬೇಕು ಎಂಬುದು ಅವರ ನಿಲುವು. ಮರುವರ್ಷ ಬಿಡುಗಡೆಯಾದ ಜಾಂಗೋ ಹುಟ್ಟಿದ್ದು ಕಾನ್ಸಾಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ. ಅದರ ಟೆಂಪ್ಲೇಟ್ ಕೂಡ ಪೈಥಾನ್ ಕೋಡನ್ನು ಒಳಗೆ ಬಿಡುವುದಿಲ್ಲ.

ಈ ಗೋಡೆ ಕನ್ನಡದ ಎದುರು ಅಲುಗಾಡುವುದನ್ನು ನಾನು ಕಾಣುತ್ತೇನೆ. ಬಸ್ ಟಿಕೆಟ್ ಪುಟವೊಂದರ ಟೆಂಪ್ಲೇಟಿನಲ್ಲಿ ಊರಿನ ಹೆಸರಿಗೆ ಜಾಗ ಬಿಟ್ಟು, ಪಕ್ಕದಲ್ಲಿ 'ಗೆ' ಎಂದು ಬರೆದರೆ 'ಹುಬ್ಬಳ್ಳಿಗೆ' ಸರಿಹೋಗುತ್ತದೆ. ಆದರೆ ಮೈಸೂರು 'ಮೈಸೂರಿಗೆ' ಆಗಬೇಕು, ಧಾರವಾಡ 'ಧಾರವಾಡಕ್ಕೆ' ಆಗಬೇಕು. ವಿಭಕ್ತಿ ಪ್ರತ್ಯಯ ತರ್ಕವೋ, ಅಲಂಕಾರವೋ? ಟಿಕೆಟ್ ದರಕ್ಕೂ ಅದಕ್ಕೂ ಸಂಬಂಧವಿಲ್ಲ, ಆದ್ದರಿಂದ ಅದು ಪ್ರದರ್ಶನಕ್ಕೆ ಸೇರಿದ್ದು. ಆದರೂ ಅದಕ್ಕೆ ನಿಯಮ ಬೇಕು, ಲೆಕ್ಕ ಬೇಕು. ಹಾಗಾಗಿ ಎರಡರ ನಡುವೆ, ಕನ್ನಡ ಬಲ್ಲವರು ಕೈಹಾಕಬಹುದಾದ ಮೂರನೆಯ ಜಾಗವೊಂದಿರಬೇಕು. ವಿನ್ಯಾಸ ಮಾಡುವಾಗಲೇ ಆ ಜಾಗ ಬಿಡದಿದ್ದರೆ ಪುಟ 'ಧಾರವಾಡಗೆ' ಎಂದೇ ಬರೆಯುತ್ತದೆ. ತಿದ್ದಬಲ್ಲ ಕನ್ನಡಿಗ ಮತ್ತೆ ಪ್ರೋಗ್ರಾಮರಿಗಾಗಿ ಕಾಯುತ್ತಾನೆ, ಸಿಜಿಐ ಕಾಲದಲ್ಲಿ ಬಣ್ಣ ಬದಲಿಸಲು ಕಾದವರಂತೆ.